ಕಾಲುವೆ ಮನೆಯ ಸಂಜೆ ಬಾಡಿಗೆ

ಆಮ್‌ಸ್ಟರ್‌ಡ್ಯಾಮಿನ ಕೈಜರ್ಸ್‌ಗ್ರಾಖ್ಟ್ ಕಾಲುವೆಯ ದಂಡೆಯಲ್ಲಿರುವ 672ನೇ ನಂಬರಿನ ಮನೆ ಹಗಲಿನಲ್ಲಿ ಮ್ಯೂಸಿಯಂ. ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಫಾನ್ ಲೋನ್ ಮನೆತನದವರ ಊಟದ ಕೋಣೆ, ಮಲಗುವ ಕೋಣೆಗಳು, ನೆಲಮಾಳಿಗೆಯ ಅಡುಗೆಮನೆ, ಹಿಂದಿನ ತೋಟ, ತೋಟದ ಆ ತುದಿಯಲ್ಲಿರುವ ಸಾರೋಟಿನ ಮನೆ ಎಲ್ಲವನ್ನೂ ನಿಧಾನವಾಗಿ ನೋಡಿಕೊಂಡು ಬರಬಹುದು. ಸಂಜೆ ಬಾಗಿಲು ಹಾಕಿದ ಮೇಲೆ ಅದೇ ಮನೆ ಬಾಡಿಗೆಗೆ ಸಿಗುತ್ತದೆ. ಕಂಪನಿಯ ಸಭೆ, ಗಣ್ಯರ ಔತಣಕೂಟ, ಪುಸ್ತಕ ಬಿಡುಗಡೆ, ಹೀಗೆ ಯಾವುದಕ್ಕಾದರೂ. ಈ ಊರಿನ ಬೇರೆ ಹಳೆಯ ಕಾಲುವೆ ಮನೆಗಳೂ ಹಾಗೆಯೇ ಸಂಜೆಗಳನ್ನು ಬಾಡಿಗೆಗೆ ಕೊಡುತ್ತವೆ.

ಇದನ್ನು ಕೇಳಿದ ಕೂಡಲೇ ಮುಖ ಸಿಂಡರಿಸುವವರು ಬಹಳ. ಮ್ಯೂಸಿಯಂ ಎಂದರೆ ಛತ್ರವೇ, ದುಡ್ಡಿದ್ದವನಿಗೆ ಚರಿತ್ರೆಯನ್ನು ಗಂಟೆಯ ಲೆಕ್ಕದಲ್ಲಿ ಕೊಡಬಹುದೇ ಎಂದು ಅವರು ಕೇಳುತ್ತಾರೆ. ಬಾಡಿಗೆಗೆ ಕೊಡುವುದು ತಪ್ಪಲ್ಲ ಎಂಬುದು ನನ್ನ ನಿಲುವು. ಆದರೆ ಅದಕ್ಕೊಂದು ಷರತ್ತಿದೆ, ಮತ್ತು ಆ ಷರತ್ತು ಹಗುರವಾದದ್ದಲ್ಲ. ಅದನ್ನು ಹೇಳುವ ಮುಂಚೆ ಈ ಮನೆಗಳು ಯಾವುದಕ್ಕಾಗಿ ಹುಟ್ಟಿಕೊಂಡವು ಎಂಬುದನ್ನು ನೋಡಬೇಕು.

ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಮೂರು ದೊಡ್ಡ ಕಾಲುವೆಗಳನ್ನು ತೋಡುವ ಕೆಲಸ ಶುರುವಾದದ್ದು 1613ರಲ್ಲಿ. ಊರು ಬೆಳೆಯುತ್ತಿತ್ತು, ಬಂದರು ತುಂಬುತ್ತಿತ್ತು, ವ್ಯಾಪಾರಿಗಳಿಗೆ ಮನೆಯೂ ಬೇಕಿತ್ತು, ಸರಕು ಇಡಲು ಜಾಗವೂ ಬೇಕಿತ್ತು. ಅವೆರಡನ್ನೂ ಒಂದೇ ಸೂರಿನಡಿ ಕೂಡಿಸಿದ್ದೇ ಕಾಲುವೆ ಮನೆ. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಒಂದೊಂದು ಮನೆಯ ನೆತ್ತಿಯಲ್ಲೂ ಒಂದು ಮರದ ತೊಲೆ ಹೊರಕ್ಕೆ ಚಾಚಿಕೊಂಡಿರುತ್ತದೆ, ತುದಿಯಲ್ಲಿ ಕಬ್ಬಿಣದ ಕೊಕ್ಕೆ. ದೋಣಿಯಲ್ಲಿ ಬಂದ ಸರಕನ್ನು ಕೊಕ್ಕೆಗೆ ರಾಟೆ ಕಟ್ಟಿ ಅಟ್ಟಕ್ಕೆ ಎಳೆಯುತ್ತಿದ್ದರು. ಎಳೆಯುವಾಗ ಮೂಟೆ ಗೋಡೆಗೆ, ಕಿಟಕಿಗೆ ತಗುಲಬಾರದೆಂದು ಎಷ್ಟೋ ಮನೆಗಳ ಮುಂಗೋಡೆಯನ್ನೇ ಬೀದಿಯ ಕಡೆಗೆ ತುಸು ಬಾಗಿಸಿ ಕಟ್ಟಿದ್ದಾರೆ. ಮೊದಲ ಸಲ ನೋಡಿದವರು ಮನೆ ಬೀಳುತ್ತಿದೆ ಎಂದುಕೊಳ್ಳುತ್ತಾರೆ. ಒಳಗಿನ ಮೆಟ್ಟಿಲು ಕಡಿದಾದದ್ದು, ಕಿರಿದಾದದ್ದು. ಹಾಗಾಗಿ ಇವತ್ತಿಗೂ ಮನೆ ಬದಲಿಸುವಾಗ ಸೋಫಾ, ಬೀರು, ಪಿಯಾನೊ ಎಲ್ಲವೂ ಕಿಟಕಿಯ ಮೂಲಕವೇ ಒಳಗೆ ಹೋಗುತ್ತವೆ, ಆ ಕೊಕ್ಕೆಗಳು ಇನ್ನೂ ಕೆಲಸಕ್ಕೆ ಬರುತ್ತವೆ.

ಬೀದಿಯಿಂದ ಕೆಲವು ಮೆಟ್ಟಿಲು ಹತ್ತಿದರೆ ಒಂದು ಪುಟ್ಟ ಜಗಲಿ, ಅದರಾಚೆ ಮುಂಭಾಗದ ಕೋಣೆ. ವ್ಯವಹಾರ ಕುದುರುತ್ತಿದ್ದದ್ದು, ಲೆಕ್ಕಪತ್ರ ಬರೆಯುತ್ತಿದ್ದದ್ದು, ಸಾಲ ಕೊಟ್ಟು ತೆಗೆದುಕೊಳ್ಳುತ್ತಿದ್ದದ್ದು ಅಲ್ಲಿ. ಸಂಸಾರ ನಡೆಯುತ್ತಿದ್ದದ್ದು ಹಿಂದೆ ಮತ್ತು ಮೇಲೆ. ಸಿರಿವಂತರು ಇನ್ನೂ ಸಿರಿವಂತರಾದ ಹಾಗೆ ಗೋದಾಮು ಬೇರೆ ಕಡೆ ಹೋಯಿತು, ಮುಂದಿನ ಕೋಣೆಗೆ ಬಣ್ಣದ ಚಾವಣಿ, ಅಮೃತಶಿಲೆಯ ನೆಲ, ಚಿನ್ನದ ರೇಕಿನ ಕನ್ನಡಿಗಳು ಬಂದವು. ವ್ಯವಹಾರ ಮಾತ್ರ ಹೋಗಲಿಲ್ಲ. ಊಟದ ಮೇಜೇ ಅದರ ಜಾಗವಾಯಿತು. ಯಾರನ್ನು ಊಟಕ್ಕೆ ಕರೆಯಬೇಕು, ಯಾರ ಪಕ್ಕ ಯಾರನ್ನು ಕೂರಿಸಬೇಕು ಎನ್ನುವುದು ಆ ಊರಿನ ರಾಜಕೀಯದಲ್ಲೂ ವ್ಯಾಪಾರದಲ್ಲೂ ದೊಡ್ಡ ವಿಷಯವಾಗಿತ್ತು.

672ನೇ ಮನೆಯ ಕಥೆಯೂ ಇಂಥದ್ದೇ. ವಾಸ್ತುಶಿಲ್ಪಿ ಆಡ್ರಿಯಾನ್ ಡೋರ್ಟ್ಸ್‌ಮನ್ 1672ರಲ್ಲಿ ಯೆರೆಮಿಯಾಸ್ ಫಾನ್ ರಾಯ್ ಎಂಬ ವ್ಯಾಪಾರಿಗೆ ಜೋಡಿ ಮನೆಗಳನ್ನು ಕಟ್ಟಿಕೊಟ್ಟ. ಫ್ರೆಂಚ್ ಸೈನ್ಯ ನುಗ್ಗಿ ಬಂದು ಡಚ್ಚರ ಪಾಲಿಗೆ ಕೇಡಿನ ವರ್ಷವೆಂದೇ ಹೆಸರಾದದ್ದು ಅದೇ 1672. ಈ ಮನೆಯಲ್ಲಿ ಮೊದಲು ಕಾಲಿಟ್ಟು ಸಂಸಾರ ಹೂಡಿದವನು ಮಾಲೀಕನಲ್ಲ, ಬಾಡಿಗೆದಾರ. ರೆಂಬ್ರಾಂಟ್‌ನ ಶಿಷ್ಯನಾಗಿದ್ದ, ಸಿರಿವಂತ ವಿಧವೆಯನ್ನು ಮದುವೆಯಾಗಿ ಕುಂಚ ಕೆಳಗಿಟ್ಟಿದ್ದ ಚಿತ್ರಕಾರ ಫರ್ಡಿನಾಂಡ್ ಬೋಲ್. ಅಂದರೆ ಇದು ಹುಟ್ಟಿದಾಗಿನಿಂದಲೂ ಬಾಡಿಗೆ ಕಂಡ ಮನೆ. 18ನೇ ಶತಮಾನದ ಮಧ್ಯದಲ್ಲಿ ಅಬ್ರಹಾಂ ಫಾನ್ ಹಾಖೆನ್ ಮತ್ತು ಕಾತರೀನಾ ಟ್ರಿಪ್ ದಂಪತಿ ಇಲ್ಲಿಗೆ ಬಂದರು. ಅವರು ಮಾಡಿಸಿದ ಮೆಟ್ಟಿಲಿನ ಹಿತ್ತಾಳೆಯ ಕಟಾಂಜನ ಇವತ್ತಿಗೂ ಹಾಗೇ ಇದೆ. ಬಳ್ಳಿ ಸುತ್ತಿದ ಹಾಗೆ ಕಾಣುವ ಅದರ ಕುಸುರಿಯನ್ನು ಗಮನವಿಟ್ಟು ನೋಡಿದರೆ ಅಕ್ಷರಗಳು ಮೂಡಿಬರುತ್ತವೆ. ಗಂಡನ ಮನೆತನದ ಹೆಸರು, ಹೆಂಡತಿಯ ಮನೆತನದ ಹೆಸರು. ಮಹಡಿ ಹತ್ತುವ ಪ್ರತಿಯೊಬ್ಬ ಅತಿಥಿಯೂ ಆ ಹೆಸರುಗಳ ಮೇಲೆ ಕೈ ಇಟ್ಟುಕೊಂಡೇ ಹತ್ತಬೇಕು. ಬಂದವರ ಮೇಲೆ ಛಾಪು ಒತ್ತಲೆಂದೇ ಮಾಡಿಸಿದ್ದು ಅದು. ಫಾನ್ ಲೋನ್ ಮನೆತನ ಈ ಮನೆಯನ್ನು ಕೊಂಡದ್ದು ಬಹಳ ತಡವಾಗಿ, 1884ರಲ್ಲಿ. ಆ ಮನೆಗೆ ಸೊಸೆಯಾಗಿ ಬಂದ ಥೋರಾ, ರಾಣಿ ವಿಲ್ಹೆಲ್ಮಿನಾಳ ಆಪ್ತ ಪರಿವಾರದಲ್ಲಿದ್ದವಳು. ಅವಳ ಕಾಲದಲ್ಲಿ ಇಲ್ಲಿನ ಔತಣಗಳಿಗೆ ಊರಿನ ಮೇಲ್ವರ್ಗವೆಲ್ಲ ಬರುತ್ತಿತ್ತು.

ಇದನ್ನೆಲ್ಲ ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬಾಡಿಗೆಯನ್ನು ವಿರೋಧಿಸುವವರ ಮನಸ್ಸಿನಲ್ಲಿ, ಈ ಮನೆ ಮೊದಲು ಪವಿತ್ರವಾಗಿ ಮೌನವಾಗಿ ಇತ್ತು, ಸಭೆ ಸಮಾರಂಭಗಳು ಬಂದು ಅದನ್ನು ಕೆಡಿಸಿದವು ಎಂಬ ಚಿತ್ರ ಇರುತ್ತದೆ. ನಡೆದದ್ದು ತಿರುಗಾಮುರುಗಾ. ಮೌನ ಬಂದದ್ದೇ ಮ್ಯೂಸಿಯಂ ಆದ ಮೇಲೆ, 1973ರಿಂದೀಚೆಗೆ. ಅದಕ್ಕೂ ಮುಂಚಿನ 300 ವರ್ಷ ಇಲ್ಲಿ ಜನ ಉಂಡಿದ್ದಾರೆ, ಚೌಕಾಸಿ ಮಾಡಿದ್ದಾರೆ, ಸಂಬಂಧ ಕುದುರಿಸಿದ್ದಾರೆ. ತಟ್ಟೆ ಲೋಟಗಳು ಮೇಜಿನ ಮೇಲೆ ಅಂದವಾಗಿ ಜೋಡಿಸಿ ಕೂತಿವೆ, ಉಣ್ಣುವವರು ಮಾತ್ರ ಇಲ್ಲ ಎನ್ನುವ ಊಟದ ಕೋಣೆಯನ್ನು ನೋಡುವುದಕ್ಕಿಂತ, ಅಲ್ಲಿ 20 ಜನ ಕೂತು ಮಾತಾಡುವುದನ್ನು ಕೇಳಿಸಿಕೊಂಡರೆ ಆ ಕೋಣೆಯ ಅಳತೆ, ಅದರ ಸದ್ದು, ಅದರ ಉದ್ದೇಶ ಚೆನ್ನಾಗಿ ಅರ್ಥವಾಗುತ್ತದೆ.

ಹಣದ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಈ ಊರು ನಿಂತಿರುವುದು ಕೆಸರಿನ ಮೇಲೆ. ಸುಮಾರು 12 ಮೀಟರ್ ಆಳದಲ್ಲಿರುವ ಮರಳಿನ ಪದರದವರೆಗೆ ಪೈನ್ ಮರದ ಕಂಬಗಳನ್ನು ಹೊಡೆದು ಅವುಗಳ ಮೇಲೆ ಮನೆ ಕಟ್ಟಿದ್ದಾರೆ. ಡಾಮ್ ಚೌಕದಲ್ಲಿರುವ ಅರಮನೆಯ ಅಡಿಯಲ್ಲಿ 13,659 ಕಂಬಗಳಿವೆ ಎಂಬ ಲೆಕ್ಕ ಅಲ್ಲಿನ ಶಾಲಾಮಕ್ಕಳಿಗೂ ಬಾಯಿಪಾಠ. ಕಂಬ ನೀರಿನಲ್ಲಿ ಮುಳುಗಿರುವವರೆಗೆ ಗಟ್ಟಿ. ಅಂತರ್ಜಲ ಇಳಿದು ಗಾಳಿ ತಗುಲಿದರೆ ಕೊಳೆಯಲು ಶುರು. ಅಡಿಪಾಯ, ಚಾವಣಿಯ ಸೀಸದ ತಗಡು, ಹಳೆಯ ಗಾಜಿನ ಕಿಟಕಿ, ಗೋಡೆಗೆ ಹೊದಿಸಿದ ಚಿತ್ರದ ಬಟ್ಟೆ, ಒಂದೊಂದನ್ನೂ ನುರಿತ ಕೈಯೇ ಮುಟ್ಟಬೇಕು. ಟಿಕೆಟ್ ಕಾಸಿನಲ್ಲಿ ಇದು ನಡೆಯುವುದಿಲ್ಲ. ಕೋಣೆಗಳು ಚಿಕ್ಕವು, ಒಮ್ಮೆಗೆ ಬಿಡಬಹುದಾದ ಜನ ಕಡಿಮೆ.

ಹಣ ನಿಂತರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದಲ್ಲೇ ಉದಾಹರಣೆ ಇದೆ. ಹೇರೆನ್‌ಗ್ರಾಖ್ಟ್ 573ರಲ್ಲಿ ಕೈಚೀಲಗಳ ಮ್ಯೂಸಿಯಂ ಇತ್ತು. ಹೆಂಡ್ರಿಕ್ಯೆ ಐವೊ ದಂಪತಿ ಕೂಡಿಹಾಕಿದ ಸಾವಿರಾರು ಹಳೆಯ ಚೀಲ, ಪರ್ಸುಗಳ ಸಂಗ್ರಹ ಅದು. 17ನೇ ಶತಮಾನದ ಆ ಮನೆಯ ಚಿತ್ರಿತ ಚಾವಣಿಯ ಕೋಣೆಗಳಲ್ಲಿ ಚಹಾಕೂಟ, ಸಮಾರಂಭ ನಡೆಯುತ್ತಿದ್ದವು. 2020ರಲ್ಲಿ ಕೊರೊನಾ ಬಂದು ಬಾಗಿಲು ಹಾಕಿತು, ಮತ್ತೆ ತೆರೆಯಲೇ ಇಲ್ಲ. ತನ್ನ ದುಡಿಮೆಯನ್ನೇ ನಂಬಿದ ಸಂಸ್ಥೆಯ ಪಾಡು ಎಷ್ಟು ನಾಜೂಕು ಎಂಬುದು ಇದರಿಂದ ಗೊತ್ತಾಗುತ್ತದೆ. ಸರ್ಕಾರವೇ ಎಲ್ಲವನ್ನೂ ನೋಡಿಕೊಳ್ಳಲಿ ಎನ್ನುವುದು ಸುಲಭ. ನೆದರ್‌ಲ್ಯಾಂಡ್ಸ್‌ನಲ್ಲಿ ಹಳೆಯ ಕಟ್ಟಡಗಳು ಉಳಿದಿರುವುದರಲ್ಲಿ ಸರ್ಕಾರದ ಪಾಲು ದೊಡ್ಡದು, ನಿಜ. ಆದರೆ 1918ರಲ್ಲಿ ಹುಟ್ಟಿದ ಹೆಂಡ್ರಿಕ್ ಡೆ ಕೈಸರ್ ಸಂಘ ದೇಶದ ಉದ್ದಗಲಕ್ಕೂ 400ಕ್ಕೂ ಹೆಚ್ಚು ಹಳೆಯ ಕಟ್ಟಡಗಳನ್ನು ಕೊಂಡು, ದುರಸ್ತಿ ಮಾಡಿ, ವಾಸಕ್ಕೂ ಕಚೇರಿಗೂ ಬಾಡಿಗೆಗೆ ಕೊಟ್ಟೇ ಉಳಿಸಿಕೊಂಡು ಬಂದಿದೆ. 1956ರಲ್ಲಿ ಶುರುವಾದ ಸ್ಟಾಟ್ಸ್‌ಹೆರ್ಸ್ಟೆಲ್ ಎಂಬ ಕಂಪನಿಯೂ ಅದೇ ದಾರಿಯದು. ಅಗಲವಾದ ರಸ್ತೆಗಳಿಗಾಗಿ ಹಳೆಯ ಮನೆಗಳನ್ನು ಕೆಡವಬೇಕೆಂಬ ಮಾತು ಜೋರಾಗಿದ್ದ ಕಾಲದಲ್ಲಿ ಅದು ಬೀಳುವಂತಿದ್ದ ಮನೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿತು. ಪ್ರಿನ್ಸೆನ್‌ಗ್ರಾಖ್ಟ್ ದಂಡೆಯ ಡೆ ಡೌಫ್ ಚರ್ಚನ್ನು ಈಗ ಸಮಾರಂಭಗಳಿಗೆ ಕೊಡುತ್ತದೆ. ಜನ ಬಳಸುತ್ತಿರುವ ಕಟ್ಟಡ ಬದುಕುತ್ತದೆ, ಬೀಗ ಹಾಕಿದ ಕಟ್ಟಡ ಸಾಯುತ್ತದೆ ಎಂಬ ಅನುಭವದ ಮೇಲೆ ನಡೆದ ಕೆಲಸ ಇದೆಲ್ಲ. 2010ರಲ್ಲಿ ಯುನೆಸ್ಕೊ ಈ ಕಾಲುವೆ ವಲಯವನ್ನು ವಿಶ್ವ ಪರಂಪರೆಯ ತಾಣವೆಂದು ಸಾರುವ ಹೊತ್ತಿಗೆ ಸಾರಲು ಏನಾದರೂ ಉಳಿದಿತ್ತು ಎಂದರೆ ಅದರಲ್ಲಿ ಬಾಡಿಗೆಯ ಪಾಲೂ ಇದೆ.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಬಲವಾದದ್ದು ಅನ್ನಿಸುವುದು ಅದೇ. ಥೋರಾಳ ಔತಣಕ್ಕೆ ಕರೆ ಇದ್ದವರು ಮಾತ್ರ ಹೋಗಬಹುದಿತ್ತು. ಮ್ಯೂಸಿಯಂ ಆದದ್ದರ ಅರ್ಥವೇ ಕರೆ ಇಲ್ಲದವರೂ ಬರಬಹುದು ಎಂದು. ಬಾಡಿಗೆಯ ಸಂಜೆಯಲ್ಲಿ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಮತ್ತೆ ಅತಿಥಿಗಳ ಪಟ್ಟಿ, ಮತ್ತೆ ಬಾಗಿಲಲ್ಲಿ ಹೆಸರು ನೋಡುವವರು. ಹಳೆಯ ಮನೆತನದ ಜಾಗದಲ್ಲಿ ಹೊಸ ಕಂಪನಿ ಬಂದು ಕೂತಿತು ಅಷ್ಟೆ ಎಂದು ಯಾರಾದರೂ ಹೇಳಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಹೇರೆನ್‌ಗ್ರಾಖ್ಟ್ 605ರ ಕಥೆ ಇಲ್ಲಿ ನೆನಪಾಗಬೇಕು. 1687ರ ಹೊತ್ತಿಗೆ ಕಟ್ಟಿದ ಆ ಮನೆಯಲ್ಲಿ 19ನೇ ಶತಮಾನದಲ್ಲಿ ಅಬ್ರಹಾಂ ವಿಲೆಟ್ ಮತ್ತು ಲೂಯಿಸಾ ಹೋಲ್ಟ್‌ಹೌಸೆನ್ ಇದ್ದರು. ಮಕ್ಕಳಿರಲಿಲ್ಲ. ಚಿತ್ರ, ಗಾಜು, ಬೆಳ್ಳಿ, ಪಿಂಗಾಣಿ ಕೂಡಿಹಾಕುವುದೇ ಅವರ ಹುಚ್ಚು. ಗೆಳೆಯರನ್ನು ಕರೆದು ಕಲಾಕೃತಿಗಳನ್ನು ಒಟ್ಟಿಗೆ ಕೂತು ನೋಡಿ ಮಾತಾಡುವ ಸಂಜೆಗಳನ್ನು ಏರ್ಪಡಿಸುತ್ತಿದ್ದರು. ಗಂಡ ತೀರಿಕೊಂಡ ಏಳು ವರ್ಷಕ್ಕೆ, 1895ರಲ್ಲಿ ಲೂಯಿಸಾ ತೀರಿಕೊಂಡಾಗ, ಮನೆ ಮತ್ತು ಸಂಗ್ರಹವನ್ನು ನಗರಕ್ಕೆ ಬರೆದಿಟ್ಟಿದ್ದಳು. ತಮ್ಮಿಬ್ಬರ ಹೆಸರಿನ ಮ್ಯೂಸಿಯಂ ಆಗಿ ಇದು ಜನರಿಗೆ ತೆರೆಯಬೇಕು ಎಂಬುದು ಅವಳ ಷರತ್ತು. ಮರುವರ್ಷ ತೆರೆಯಿತು. ಇಂಥ ಮನೆ ಊರಿನ ಜನಕ್ಕೆ ಸೇರಿದ್ದು. ಅದರ ಒಂದು ಸಂಜೆಯನ್ನು ಯಾರಿಗಾದರೂ ಕೊಡುವುದೆಂದರೆ ಜನರ ಆಸ್ತಿಯನ್ನು ಸ್ವಲ್ಪ ಹೊತ್ತು ಒಬ್ಬರ ಕೈಗೆ ಕೊಟ್ಟಂತೆ. ಕೊಡುವಾಗ ಜನರಿಗೇನು ಬಂತು ಎಂಬ ಲೆಕ್ಕ ಇರಬೇಕು. ಹಗಲಿನ ತೆರೆದ ಹೊತ್ತನ್ನು ಒಂದು ಗಂಟೆಯೂ ಕಡಿಮೆ ಮಾಡಬಾರದು. ಊಟದ ಮೇಜು ಜೋಡಿಸಬೇಕೆಂದು ಮಧ್ಯಾಹ್ನವೇ ಪ್ರೇಕ್ಷಕರನ್ನು ಹೊರಗೆ ಕಳಿಸುವುದು, ದೂರದಿಂದ ಬಂದವರು ಬಾಗಿಲಲ್ಲಿ ಚೀಟಿ ನೋಡಿ ಹಿಂದಿರುಗುವುದು ನಡೆದರೆ ಬಾಡಿಗೆ ತನ್ನ ಮಿತಿ ದಾಟಿತು ಎಂದೇ ಅರ್ಥ. ವರ್ಷಕ್ಕೆ ಎಷ್ಟು ಸಂಜೆ ಎಂಬುದನ್ನು ಮೊದಲೇ ನಿಗದಿ ಮಾಡಿ ಹೊರಗೆ ಹೇಳಬೇಕು. ಬಂದ ಹಣ ಯಾವ ಕೋಣೆಯ ಯಾವ ಕೆಲಸಕ್ಕೆ ಹೋಯಿತು ಎಂದೂ ಹೇಳಬೇಕು. ಕಾಸು ಕೊಡುವ ಸಂಜೆಗಳ ಜೊತೆಗೆ ಕಾಸು ಕೊಡಲಾಗದವರ ಸಂಜೆಗಳೂ ಅದೇ ಪಟ್ಟಿಯಲ್ಲಿ ಇರಬೇಕು. ಪಕ್ಕದ ಬೀದಿಯ ಶಾಲೆಯ ವಾರ್ಷಿಕೋತ್ಸವ, ವಲಸೆ ಬಂದವರ ಸಂಘದ ಸಭೆ, ಓದುಗರ ಕೂಟ ಅದೇ ಚಾವಣಿಯ ಕೆಳಗೆ ನಡೆಯಬೇಕು.

ಇನ್ನು ವಸ್ತುಗಳ ಕಡೆಗೆ. ಇಲ್ಲಿ ವಾದಕ್ಕಿಂತ ಲೆಕ್ಕ ಹೆಚ್ಚು ಮಾತಾಡುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ. ಉಸಿರು, ಬೆವರಿನಲ್ಲಿ ಗಂಟೆಗೆ ಸುಮಾರು 50 ಗ್ರಾಂ ನೀರಿನ ಆವಿ ಹೋಗುತ್ತದೆ. 80 ಜನ ಒಂದು ಕೋಣೆಯಲ್ಲಿ ಸೇರಿದರೆ ಎಂಟು ಕಿಲೋವ್ಯಾಟ್ ಶಾಖ. ಮೂರು ಗಂಟೆ ಕಳೆಯುವಷ್ಟರಲ್ಲಿ 12 ಲೀಟರ್ ನೀರು, ಒಂದು ದೊಡ್ಡ ಕೊಡದಷ್ಟು, ಆ ಕೋಣೆಯ ಗಾಳಿಗೆ ಸೇರಿರುತ್ತದೆ. ಹೊರಗೆ ಜನವರಿಯ ಚಳಿ. ಕಿಟಕಿಯ ತಣ್ಣನೆಯ ಗಾಜಿನ ಮೇಲೆ, ತಣ್ಣನೆಯ ಹೊರಗೋಡೆಯ ಮೇಲೆ ಆ ಆವಿ ಹನಿಗಟ್ಟುತ್ತದೆ. ಉಳಿದದ್ದನ್ನು ಮರ ಹೀರುತ್ತದೆ, ಕ್ಯಾನ್‌ವಾಸ್ ಹೀರುತ್ತದೆ. ಮರ ಉಬ್ಬುತ್ತದೆ, ಜನ ಹೋದ ಮೇಲೆ ಒಣಗಿ ಕುಗ್ಗುತ್ತದೆ. ಅದರ ಮೇಲಿನ ಬಣ್ಣ, ಚಿನ್ನದ ರೇಕು ಹಾಗೆ ಉಬ್ಬಿ ಕುಗ್ಗಲಾರದು, ಬಿರುಕು ಬಿಡುತ್ತದೆ. ಒಂದು ಸಂಜೆಯಲ್ಲಿ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ನೂರು ಸಂಜೆ ಕಳೆದ ಮೇಲೆ ಚಾವಣಿಯಿಂದ ಬಣ್ಣದ ಚಕ್ಕೆ ಉದುರಿದಾಗ ಯಾವ ಸಂಜೆಯ ಬಾಡಿಗೆದಾರರನ್ನು ಕೇಳುವುದು?

ನೆಲದ ಮಾತೂ ಇದೆ. ಪಕ್ಕದ ಮನೆಗಳ ನಡುಗೋಡೆಗಳ ಮೇಲೆ ಹೇರಿದ ಮರದ ತೊಲೆಗಳು ಈ ಮಹಡಿಗಳನ್ನು ಹೊತ್ತಿವೆ. ಒಂದು ಸಂಸಾರದ ಭಾರಕ್ಕೆ, ಅಟ್ಟದಲ್ಲಾದರೆ ಸರಕಿನ ಭಾರಕ್ಕೆ ಲೆಕ್ಕ ಹಾಕಿದವು. ಜನ ಗುಂಪುಗೂಡುವ ಜಾಗದ ನೆಲ ವಾಸದ ಮನೆಯ ನೆಲಕ್ಕಿಂತ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಭಾರ ತಾಳಬೇಕೆಂದು ಈಗಿನ ಕಟ್ಟಡ ನಿಯಮಗಳು ಹೇಳುತ್ತವೆ. 80 ಜನ ಎಂದರೆ ಸುಮಾರು ಐದೂವರೆ ಟನ್. ಅವರು ಕೋಣೆಯ ತುಂಬ ಹರಡಿ ನಿಲ್ಲುವುದಿಲ್ಲ, ಮಾತಾಡುವವರ ಸುತ್ತ, ಪಾನೀಯ ಕೊಡುವ ಮೇಜಿನ ಹತ್ತಿರ ಗುಂಪಾಗುತ್ತಾರೆ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದವರ ಪೂರ್ತಿ ಭಾರ ಹೆಜ್ಜೆಹೆಜ್ಜೆಗೂ ಒಂದೆರಡು ಚದರ ಸೆಂಟಿಮೀಟರ್ ಮರದ ಮೇಲೆ ಬೀಳುತ್ತದೆ. ಕೆಂಪು ವೈನು, ಮೇಣದ ಬತ್ತಿ, ಹೂವಿನ ಜೊತೆ ಒಳಗೆ ಬರುವ ಹುಳು, ಅಮೃತಶಿಲೆಯ ಮೇಲೆ ಬಿದ್ದ ನಿಂಬೆರಸ, ಒಂದೊಂದರಿಂದಲೂ ಒಂದೊಂದು ಅಪಾಯವಿದೆ. ನೆಲಮಾಳಿಗೆಯ ಹಳೆಯ ಅಡುಗೆಮನೆ ತಾಮ್ರದ ಪಾತ್ರೆಗಳನ್ನು ತೂಗುಹಾಕಿಕೊಂಡು ಎಷ್ಟೇ ಚೆಂದ ಕಂಡರೂ ಅಲ್ಲಿ ಒಲೆ ಹಚ್ಚುವಂತಿಲ್ಲ. ಅಡುಗೆ ಹೊರಗೆ ಮಾಡಿಸಿ ತರಬೇಕು.

ಎಷ್ಟು ಜನರನ್ನು ಬಿಡಬಹುದು ಎಂದು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಮುಂದೆ ಬರುವುದು ಬೆಂಕಿಯ ನಿಯಮ, ಅಂದರೆ ಬಾಗಿಲು ಎಷ್ಟಿವೆ, ಎಷ್ಟು ಬೇಗ ಹೊರಗೆ ಹೋಗಬಹುದು ಎಂಬುದು. ಅದು ಜನರ ಜೀವಕ್ಕೆ ಸಂಬಂಧಪಟ್ಟದ್ದು, ಬಿಡುವಂತಿಲ್ಲ. ಆದರೆ ಇಂಥ ಮನೆಯಲ್ಲಿ ಅದು ಸಾಲದು. ಆ ಕೋಣೆಯಲ್ಲಿರುವ ವಸ್ತುಗಳ ಪೈಕಿ ಎಲ್ಲಕ್ಕಿಂತ ದುರ್ಬಲವಾದದ್ದು ಯಾವುದೋ ಅದು ಎಷ್ಟು ಜನರನ್ನು ತಾಳುತ್ತದೆ ಎಂಬುದೇ ಮಿತಿಯಾಗಬೇಕು. ಒಂದು ಕೋಣೆಯ ಗೋಡೆಯಲ್ಲಿ 18ನೇ ಶತಮಾನದ ಚಿತ್ರದ ಬಟ್ಟೆ ಇದ್ದರೆ ಅಲ್ಲಿಗೆ 15 ಜನ ಸಾಕು. ತೋಟ, ಸಾರೋಟಿನ ಮನೆ ಇದ್ದರೆ ದೊಡ್ಡ ಗುಂಪು ಅಲ್ಲಿರಲಿ. 15 ಜನರ ಸಭೆ, 20 ಜನರ ಊಟ ಈ ಮನೆಗಳ ಅಳತೆಗೆ ಸಹಜವಾಗಿ ಹೊಂದುತ್ತವೆ. ಮೊದಲಿನಿಂದಲೂ ಹೊಂದುತ್ತಿದ್ದದ್ದು ಅವೇ.

ಈಗ ಆ ಷರತ್ತಿಗೆ ಬರುತ್ತೇನೆ.

ಹೋಟೆಲಿನಲ್ಲಿ ಸಭಾಂಗಣ ಸಿಗುತ್ತದೆ. ಪರದೆ, ಮೈಕು, ಲಿಫ್ಟು, ವಾಹನ ನಿಲ್ಲಿಸಲು ಜಾಗ ಎಲ್ಲ ಅಲ್ಲಿ ಅಚ್ಚುಕಟ್ಟು. ಕಾಲುವೆ ಮನೆಯಲ್ಲಿ ಇವು ಯಾವುವೂ ಅಷ್ಟು ಸರಿಯಾಗಿ ಇರುವುದಿಲ್ಲ. ಮೆಟ್ಟಿಲು ಕಡಿದು, ಶೌಚಾಲಯ ಕಡಿಮೆ, ಕಾರು ನಿಲ್ಲಿಸುವುದು ಕಷ್ಟ. ಆದರೂ ಕಂಪನಿಗಳು ಈ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. ಅವರು ಹಣ ಕೊಡುತ್ತಿರುವುದು ನಾಲ್ಕು ಗೋಡೆಗಲ್ಲ, ಮನೆಯ ಚರಿತ್ರೆಗೆ. 350 ವರ್ಷದ ಪ್ರತಿಷ್ಠೆ ಒಂದು ಸಂಜೆ ತಮ್ಮ ಮೇಲೂ ಬೀಳಲಿ ಎಂದು. ಹಾಗಿದ್ದರೆ ಚರಿತ್ರೆ ಪೂರ್ತಿ ಬರಬೇಕು. ಹೊಳೆಯುವ ಅರ್ಧವನ್ನು ಮಾತ್ರ ತೆಗೆದುಕೊಂಡು ಉಳಿದರ್ಧವನ್ನು ಪರದೆಯ ಹಿಂದೆ ಸರಿಸುವ ಸ್ವಾತಂತ್ರ್ಯವನ್ನು ಮ್ಯೂಸಿಯಂ ಯಾರಿಗೂ ಮಾರಬಾರದು.

ಉಳಿದರ್ಧ ಯಾವುದು? 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದವರಲ್ಲಿ ವಿಲ್ಲೆಮ್ ಫಾನ್ ಲೋನ್ ಒಬ್ಬ. ಆ ಕಂಪನಿ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ ಜಾಯಿಕಾಯಿಗಾಗಿ 1621ರಲ್ಲಿ ನಡೆಸಿದ ಹತ್ಯಾಕಾಂಡ ಚರಿತ್ರೆಯಲ್ಲಿ ದಾಖಲಾಗಿದೆ. ಆ ಕಂಪನಿ ನಮ್ಮ ಕರಾವಳಿಗೂ ಬಂದಿತ್ತು. ಕೆಳದಿ ನಾಯಕರ ಕಾಲದಲ್ಲಿ ಬಸ್ರೂರಿನಲ್ಲಿ ಡಚ್ಚರ ಕೋಠಿ ಇತ್ತು, ಅಲ್ಲಿಂದ ಅಕ್ಕಿ, ಮೆಣಸು ಹಡಗೇರುತ್ತಿದ್ದವು. ಅಟ್ಲಾಂಟಿಕ್‌ನ ಆ ಕಡೆ ಸುರಿನಾಮದಲ್ಲಿ ಸಕ್ಕರೆ, ಕಾಫಿ ತೋಟಗಳಿದ್ದವು, ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆಮ್‌ಸ್ಟರ್‌ಡ್ಯಾಮ್ ನಗರವೇ ಆ ವಸಾಹತಿನ ಮೂರನೇ ಒಂದು ಪಾಲಿನ ಒಡೆಯನಾಗಿತ್ತು. 1863ರ ಜುಲೈ 1ರಂದು ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿದ್ದು ಒಡೆಯರಿಗೆ, ತಲೆಗೆ 300 ಗಿಲ್ಡರ್. ಬಿಡುಗಡೆಯಾದವರು ಮತ್ತೆ ಹತ್ತು ವರ್ಷ ಕಡ್ಡಾಯವಾಗಿ ದುಡಿಯಬೇಕಾಯಿತು. ಆ ಹತ್ತು ವರ್ಷ ಮುಗಿಯುತ್ತಿದ್ದಂತೆ, 1873ರ ಜೂನ್‌ನಲ್ಲಿ, ಲಲ್ಲಾ ರೂಖ್ ಎಂಬ ಹಡಗು ಉತ್ತರ ಭಾರತದ ಜನರನ್ನು ಕರಾರಿನ ಕೂಲಿಗಳಾಗಿ ಹೊತ್ತು ಪರಮಾರಿಬೋ ಬಂದರಿಗೆ ಬಂತು. 1916ರವರೆಗೆ ಹೀಗೆ ಹೋದವರು ಸುಮಾರು 34 ಸಾವಿರ. ಅವರ ಮೊಮ್ಮಕ್ಕಳು, ಮರಿಮಕ್ಕಳು ಎಷ್ಟೋ ಜನ ಈಗ ಹಾಲೆಂಡಿನಲ್ಲಿದ್ದಾರೆ.

ಈ ಕಥೆಯನ್ನು ಹೇಳಲು ಮ್ಯೂಸಿಯಂ ಹಿಂಜರಿದರೆ ಅದು ಬೇರೆ ಮಾತು. ಆದರೆ ಅಲ್ಲಿ ಹಿಂಜರಿಕೆ ಕಡಿಮೆಯಾಗಿದೆ. ಫಾನ್ ಲೋನ್ ಮ್ಯೂಸಿಯಂ 2019ರಲ್ಲಿ ತನ್ನದೇ ಮನೆತನಕ್ಕೂ ಸುರಿನಾಮಕ್ಕೂ 1728ರಿಂದ 1863ರವರೆಗೆ ಇದ್ದ ನಂಟಿನ ಬಗ್ಗೆಯೇ ಪ್ರದರ್ಶನ ಏರ್ಪಡಿಸಿತು. ನಗರದ ಮೇಯರ್‌ಗಳ ಅಧಿಕೃತ ನಿವಾಸವಾದ ಹೇರೆನ್‌ಗ್ರಾಖ್ಟ್ 502 ಗುಲಾಮರ ವ್ಯಾಪಾರದಲ್ಲಿ ಹಣ ಮಾಡಿದ ಪಾಲುಸ್ ಖೋಡಿನ್ ಕಟ್ಟಿಸಿದ ಮನೆ. ಅದನ್ನು ಹೇಳುವ ಫಲಕ ಮನೆಯ ಮುಂದೆಯೇ ಇದೆ. ಮೇಯರ್ ಫೆಮ್ಕೆ ಹಾಲ್ಸೆಮಾ 2021ರ ಜುಲೈ 1ರಂದು ನಗರದ ಪರವಾಗಿ ಕ್ಷಮೆ ಕೇಳಿದರು. 2023ರ ಅದೇ ದಿನ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಕೂಡ ಕೇಳಿದರು. ಹಗಲಿನ ಪ್ರೇಕ್ಷಕನಿಗೆ ಈ ಕಥೆ ಹೇಳುವ ಮನೆ, ಸಂಜೆಯ ಅತಿಥಿಗೆ ಹೇಳದೆ ಬರೀ ಮೇಣದ ಬೆಳಕಿನ ಸೊಬಗನ್ನು ಮಾರಿದರೆ ಎರಡು ನಾಲಿಗೆಯ ಮನೆಯಾಗುತ್ತದೆ.

ನಾನು ಕೇಳುವುದು ಸರಳ. ಬಾಡಿಗೆಯ ಕರಾರಿನಲ್ಲಿಯೇ ಅರ್ಧ ಗಂಟೆ ಮನೆಗೆ ಮೀಸಲಿರಬೇಕು. ಪಾನೀಯ ಕೊಡುವ ಮುಂಚೆ, ಬಂದ ಎಲ್ಲರನ್ನೂ ಮನೆಯ ಕಥೆ ಬಲ್ಲವರೊಬ್ಬರು ಕರೆದುಕೊಂಡು ಹೋಗಬೇಕು. ಹಿತ್ತಾಳೆಯ ಕಟಾಂಜನದ ಮುಂದೆ ನಿಲ್ಲಿಸಿ ಆ ಅಕ್ಷರಗಳನ್ನು ತೋರಿಸಬೇಕು. ಆ ಹಿತ್ತಾಳೆಗೆ ಹಣ ಎಲ್ಲಿಂದ ಬಂತು ಎಂದೂ ಹೇಳಬೇಕು. ನೆಲಮಾಳಿಗೆಗೆ ಇಳಿದು ಕೆಲಸದವರು ಎಲ್ಲಿ ದುಡಿಯುತ್ತಿದ್ದರು, ಯಾವ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಊಟ ಮೇಲಕ್ಕೆ ತರುತ್ತಿದ್ದರು ಎಂಬುದನ್ನು ತೋರಿಸಬೇಕು. ನಾವು ಬಜೆಟ್ ಚರ್ಚಿಸಲು ಬಂದಿದ್ದೇವೆ, ಪಾಠ ಕೇಳಲು ಅಲ್ಲ ಎಂದು ಬಾಡಿಗೆದಾರರು ಹೇಳಬಹುದು. ಹೇಳಲಿ. ಬಜೆಟ್ ಚರ್ಚೆಗೆ ಹೋಟೆಲ್ ಇದೆ. ವಸಾಹತಿನ ಕಥೆ ಊಟದ ರುಚಿ ಕೆಡಿಸುತ್ತದೆ ಎನ್ನುವವರೂ ಇರುತ್ತಾರೆ. ಅವರಿಗೂ ಅದೇ ಉತ್ತರ. ಇದರಿಂದ ಕೆಲವು ಬುಕಿಂಗ್ ಕೈತಪ್ಪಬಹುದು. ಆ ನಷ್ಟ ಮ್ಯೂಸಿಯಂ ತಾಳಬೇಕಾದದ್ದೇ. ಹಾಗೆ ತಪ್ಪಿಹೋಗುವವರು ಬಯಸಿದ್ದು ಬರೀ ಅಂದದ ಹಿನ್ನೆಲೆಯನ್ನು, ಮನೆಯನ್ನಲ್ಲ.

ಇದರ ಲಾಭವನ್ನೂ ನೋಡಬೇಕು. ಮ್ಯೂಸಿಯಂಗೆ ತಾವಾಗಿ ಬರುವವರು ಆಸಕ್ತಿ ಇರುವವರು. ಕಂಪನಿಯ ಊಟಕ್ಕೆ ಬರುವವರಲ್ಲಿ ಮ್ಯೂಸಿಯಂ ಮೆಟ್ಟಿಲನ್ನೇ ಹತ್ತದವರು ಎಷ್ಟೋ ಮಂದಿ. ಆಮ್‌ಸ್ಟರ್‌ಡ್ಯಾಮ್, ಆಮ್‌ಸ್ಟಲ್‌ವೇನ್ ಸುತ್ತಮುತ್ತ ಐಟಿ ಕೆಲಸಕ್ಕೆ ಹೋಗಿ ನೆಲೆಸಿರುವ ಕನ್ನಡಿಗರೂ ಅವರ ನಡುವೆ ಇರಬಹುದು. ವಾರಪೂರ್ತಿ ಕಂಪ್ಯೂಟರ್ ಮುಂದೆ ಕೂತು, ಶುಕ್ರವಾರ ಸಂಜೆ ತಂಡದ ಊಟಕ್ಕೆಂದು ಬಂದ ಕುಂದಾಪುರದ ಹುಡುಗಿಯೊಬ್ಬಳಿಗೆ, ತನ್ನೂರಿನ ಪಕ್ಕದ ಬಸ್ರೂರಿನ ಅಕ್ಕಿ ಕೊಂಡವರ ಲೆಕ್ಕದ ಪುಸ್ತಕಗಳು ಇಂಥ ಮನೆಗಳ ಮುಂಗೋಣೆಯಲ್ಲೇ ತೆರೆದಿದ್ದವು ಎಂದು ಗೊತ್ತಾದರೆ ಅವಳು ಆ ಮೇಜಿನಲ್ಲಿ ಕೂರುವ ರೀತಿಯೇ ಬೇರೆಯಾಗುತ್ತದೆ. ಹಗಲಿನ ಟಿಕೆಟ್ ಮುಟ್ಟಲಾಗದವರನ್ನು ಸಂಜೆಯ ಬಾಡಿಗೆ ಮುಟ್ಟಬಲ್ಲದು. ಅದಕ್ಕಾಗಿಯೇ ನಾನು ಬಾಡಿಗೆಯ ಪರ.

ಎಲ್ಲ ಮನೆಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಪ್ರಿನ್ಸೆನ್‌ಗ್ರಾಖ್ಟ್ 263 ಕೂಡ 17ನೇ ಶತಮಾನದ ಕಾಲುವೆ ಮನೆಯೇ, ಅದೂ ವ್ಯಾಪಾರದ ಮನೆಯೇ. ಅದರ ಹಿಂಭಾಗದಲ್ಲಿ 1942ರಿಂದ 1944ರವರೆಗೆ ಆನ್ ಫ್ರಾಂಕ್ ಮತ್ತು ಇತರ ಏಳು ಮಂದಿ ಅಡಗಿದ್ದರು. ಬದುಕುಳಿದ ತಂದೆ ಒಟ್ಟೊ ಫ್ರಾಂಕ್ ಆ ಕೋಣೆಗಳು ಖಾಲಿಯಾಗಿಯೇ ಇರಲಿ ಎಂದರು. ಹಾಗೇ ಇವೆ. ಅಲ್ಲಿ ಯಾವ ಷರತ್ತಿನ ಮೇಲೂ ಲೋಟ ತಾಗಿಸುವ ಸದ್ದು ಕೇಳಬಾರದು. ಇನ್ನೊಂದು ಕಡೆ, ಹಳೆಯ ಊರಿನ ಕಾಲುವೆ ದಂಡೆಯ ಮನೆಯೊಂದರ ಅಟ್ಟದಲ್ಲಿ ಒಂದು ಚರ್ಚಿದೆ. ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡುವಂತಿಲ್ಲದ ಕಾಲದಲ್ಲಿ, 1663ರಲ್ಲಿ, ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ ತನ್ನ ಮನೆಯ ಮೇಲ್ಭಾಗವನ್ನೇ ಗುಟ್ಟಾಗಿ ಚರ್ಚು ಮಾಡಿಸಿದ. 1888ರಿಂದ ಅದು ಮ್ಯೂಸಿಯಂ, ಆದರೂ ಈಗಲೂ ಆಗಾಗ ಅಲ್ಲಿ ಪೂಜೆ ನಡೆಯುತ್ತದೆ. ಅಲ್ಲಿ ಒಂದು ಮದುವೆ ನಡೆದರೆ ಮನೆ ತನ್ನ ಕೆಲಸವನ್ನೇ ಮಾಡಿದ ಹಾಗೆ. ಮಾರಾಟ ಪ್ರತಿನಿಧಿಗಳ ಸನ್ಮಾನ ಸಭೆ ನಡೆದರೆ ಹಾಗಲ್ಲ. ಯಾವ ಮನೆ ಯಾವುದಕ್ಕೆ ಎಂಬ ವಿವೇಚನೆಯನ್ನು ಬಾಡಿಗೆಯ ದರಪಟ್ಟಿ ಮಾಡಲಾರದು.

ಹಾಗಾಗಿ ಕೊನೆಯ ಪ್ರಶ್ನೆ, ಆ ವಿವೇಚನೆ ಯಾರ ಕೈಯಲ್ಲಿರಬೇಕು ಎಂಬುದು. ಮ್ಯೂಸಿಯಂಗಳಲ್ಲಿ ಬುಕಿಂಗ್ ನೋಡಿಕೊಳ್ಳುವವರೇ ಬೇರೆ, ಸಂಗ್ರಹ ನೋಡಿಕೊಳ್ಳುವವರೇ ಬೇರೆ. ಮೊದಲಿನವರಿಗೆ ಹಣ ತರುವ ಜವಾಬ್ದಾರಿ, ಅವರು ಒಪ್ಪಿಕೊಳ್ಳುವ ಕಡೆಗೇ ವಾಲುವುದು ಸಹಜ. ಬೇಡ ಎನ್ನುವ ಅಧಿಕಾರ ಎರಡನೆಯವರಿಗೆ ಇರಬೇಕು, ಅದು ಕಾಗದದ ಮೇಲೆ ಇರಬೇಕು, ಸಮಾರಂಭದ ಹೊತ್ತಿನಲ್ಲೂ ನಡೆಯಬೇಕು. ರಾತ್ರಿ ಎಂಟು ಗಂಟೆಗೆ ಕೋಣೆಯ ತೇವಾಂಶದ ಮಾಪಕ ಮೇಲೇರುತ್ತಿದೆ, ಬಾಗಿಲಲ್ಲಿ ಒಪ್ಪಿದ್ದಕ್ಕಿಂತ ಹತ್ತು ಜನ ಹೆಚ್ಚಾಗಿ ಬಂದು ನಿಂತಿದ್ದಾರೆ, ಬಾಡಿಗೆದಾರರು ಹಣ ಹೆಚ್ಚು ಕೊಡುತ್ತೇವೆ ಎನ್ನುತ್ತಿದ್ದಾರೆ. ಆಗ ಆ ಹತ್ತು ಜನರನ್ನು ತೋಟದ ಕಡೆಗೆ ಕಳಿಸಿ ಎಂದು ಹೇಳಬಲ್ಲ ಒಬ್ಬರು ಅಲ್ಲಿರಬೇಕು, ಅವರು ಹೇಳಿದ್ದು ನಡೆಯಬೇಕು. ಅಂಥವರೊಬ್ಬರು ಮನೆಯಲ್ಲಿ ಇರುವವರೆಗೆ ಮಾತ್ರ ಆ ಮನೆಯ ಸಂಜೆಗಳನ್ನು ಬಾಡಿಗೆಗೆ ಕೊಡಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.